ಗೋದಾಮಿಗೆ ಯಂತ್ರ: ಯಾವುದು ನಿಜಕ್ಕೂ ಆಳು ಉಳಿಸುತ್ತದೆ?

ಆರ್ಡರ್ ಆರಿಸುವವರ, ಅಂದರೆ ಆರ್ಡರ್‌ಗೆ ತಕ್ಕ ಸರಕನ್ನು ಹುಡುಕಿ ತರುವವರ ಹಿಂದೆ ಒಂದು ಪಾಳಿ ಸ್ಟಾಪ್‌ವಾಚ್ ಹಿಡಿದು ಓಡಾಡಿದರೆ ಸಾಕು, ಗೋದಾಮಿನ ಸಂಬಳದ ಹಣ ಎಲ್ಲಿ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಅದು ಹೋಗುವುದು ನಡಿಗೆಗೆ. ಗೋದಾಮು ವಿನ್ಯಾಸದ ಪಠ್ಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಆರಿಸುವವರ ಹೊತ್ತಿನಲ್ಲಿ ಶೇ. 55 ನಡಿಗೆಗೆ, ಶೇ. 15 ಹುಡುಕಾಟಕ್ಕೆ, ಶೇ. 10 ಸರಕನ್ನು ಕೈಗೆತ್ತಿಕೊಳ್ಳಲು, ಉಳಿದ ಶೇ. 20 ಪಟ್ಟಿ ನೋಡುವುದು, ಸ್ಕ್ಯಾನ್ ಮಾಡುವುದು ಮುಂತಾದ ಸಣ್ಣಪುಟ್ಟ ಕೆಲಸಗಳಿಗೆ ಖರ್ಚಾಗುತ್ತದೆ.

ಈ ನಾಲ್ಕು ಅಂಕಿ ನೆನಪಿದ್ದರೆ ಮಾರಾಟಗಾರರ ಮಾತನ್ನು ಅಲ್ಲೇ ತೂಗಿ ನೋಡಬಹುದು. ನಡಿಗೆಯನ್ನು ಪೂರ್ತಿ ಇಲ್ಲವಾಗಿಸಿದರೂ ಶೇ. 45ರಷ್ಟು ಕೆಲಸ ಉಳಿದೇ ಉಳಿಯುತ್ತದೆ. ಹಾಗಾಗಿ ವೇಗ ಹೆಚ್ಚೆಂದರೆ 2.2 ಪಟ್ಟು ಆದೀತು. ಹುಡುಕಾಟವೂ ತಪ್ಪಿದರೆ 3.3 ಪಟ್ಟು. ನಡಿಗೆಯನ್ನಷ್ಟೇ ಕಡಿಮೆ ಮಾಡುವ ಯಂತ್ರ ‘ನಾಲ್ಕು ಪಟ್ಟು ವೇಗ’ ಎಂದು ಹೇಳಿಕೊಂಡರೆ ಅದರಲ್ಲಿ ಬೇರಾವುದೋ ಸುಧಾರಣೆಯ ಪಾಲೂ ಸೇರಿಕೊಂಡಿದೆ ಎಂದೇ ಅರ್ಥ. ಆ ಸುಧಾರಣೆ ಎಷ್ಟೋ ಸಲ ಯಂತ್ರವೇ ಇಲ್ಲದೆ ಆಗುವಂಥದ್ದು.

ಮೊದಲು ಅಳತೆ

ಬೆಲೆಪಟ್ಟಿ ತರಿಸುವ ಮುನ್ನ ಕೈಯಲ್ಲಿ ಇರಬೇಕಾದ ದಾಖಲೆಗಳು ಕೆಲವಿವೆ. ಕನಿಷ್ಠ 3 ತಿಂಗಳ ಆರ್ಡರ್ ಲೈನ್‌ಗಳು ಬೇಕು, ಪ್ರತಿಯೊಂದರ ಜೊತೆಗೂ ಅದು ಬಂದ ಗಂಟೆ-ನಿಮಿಷ ಇರಬೇಕು. ಲೈನ್ ಎಂದರೆ ಆರ್ಡರ್‌ನಲ್ಲಿ ಒಂದು ಬಗೆಯ ಸರಕಿನ ಸಾಲು. ಒಂದೇ ಬಗೆಯ ಸಾಬೂನು ಮೂರು ಬೇಕಿದ್ದರೂ ಅದು ಒಂದೇ ಲೈನ್. ಇದರಿಂದ ಮೂರು ಚಿತ್ರ ಹೊರಡಿಸಿ. ಒಂದು, ಎಷ್ಟು ಆರ್ಡರ್‌ಗಳಲ್ಲಿ ಒಂದೇ ಲೈನ್ ಇದೆ, ಎಷ್ಟರಲ್ಲಿ ಎರಡು, ಎಷ್ಟರಲ್ಲಿ ಐದಕ್ಕಿಂತ ಹೆಚ್ಚು. ಎರಡು, ಸರಕುಗಳನ್ನು ಓಡಾಟದ ಕ್ರಮದಲ್ಲಿ ಜೋಡಿಸಿದರೆ ಅರ್ಧ ಲೈನ್‌ಗಳು ಎಷ್ಟು ಬಗೆಯ ಸರಕಿನಲ್ಲಿ ಮುಗಿಯುತ್ತವೆ. ಮೂರು, ಅತಿ ಬಿಡುವಿಲ್ಲದ ಗಂಟೆಯಲ್ಲಿ ಎಷ್ಟು ಲೈನ್, ಸಾಧಾರಣ ಗಂಟೆಯಲ್ಲಿ ಎಷ್ಟು. ದಿನದ ಸರಾಸರಿಯ ಮೇಲೆ ಯಂತ್ರದ ಗಾತ್ರ ನಿಗದಿ ಮಾಡಿದರೆ ಸಂಜೆ ಟ್ರಕ್ ಹೊರಡುವ ಹೊತ್ತಿಗೆ ಸಿಕ್ಕಿಬೀಳುತ್ತೀರಿ.

ಇದರ ಜೊತೆಗೆ ಎರಡು ವಾರ ಸಮಯದ ಅಳತೆ ಮಾಡಿ. ಆರಿಸುವ ಕೆಲಸವನ್ನು ಮಾತ್ರ ಅಳೆದರೆ ಸಾಲದು. ಸರಕು ಇಳಿಸಿಕೊಳ್ಳುವುದು, ರ‍್ಯಾಕ್‌ಗೆ ಏರಿಸುವುದು, ಖಾಲಿಯಾದ ಜಾಗ ತುಂಬುವುದು, ಪ್ಯಾಕಿಂಗ್, ವಾಪಸ್ ಬಂದ ಸರಕು, ಲೆಕ್ಕ ತಾಳೆಯಾಗದ್ದನ್ನು ಹುಡುಕುವುದು, ಎಲ್ಲವೂ ಅದರಲ್ಲಿ ಸೇರಬೇಕು. ಪ್ಯಾಕಿಂಗ್ ಮೇಜಿನಲ್ಲಿ ಆರ್ಡರ್ ಗುಡ್ಡೆ ಬಿದ್ದಿರುವ ಗೋದಾಮಿಗೆ ಆರಿಸುವ ರೋಬೋಟ್ ತರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇನ್ನೊಂದು ಅಳತೆಯನ್ನು ಬಹಳ ಮಂದಿ ಬಿಡುತ್ತಾರೆ. ಪ್ರತಿ ಸರಕಿನ ಉದ್ದ, ಅಗಲ, ಎತ್ತರ, ತೂಕ ಕಂಪ್ಯೂಟರ್‌ನಲ್ಲಿ ಸರಿಯಾಗಿದೆಯೇ? ಮನುಷ್ಯರಿಗೆ ಇದು ಲೆಕ್ಕಕ್ಕಿಲ್ಲ, ಕಣ್ಣಳತೆಯಲ್ಲಿ ನಿಭಾಯಿಸುತ್ತಾರೆ. ಯಂತ್ರಕ್ಕೆ ಕಣ್ಣಳತೆ ಇಲ್ಲ. 30 ಸೆಂ.ಮೀ. ಪೆಟ್ಟಿಗೆಯನ್ನು 3 ಸೆಂ.ಮೀ. ಎಂದು ಬರೆದಿದ್ದರೆ ಕ್ರೇಟ್‌ನಲ್ಲಿ ಹಿಡಿಯದಷ್ಟನ್ನು ತುಂಬಲು ಅದು ಆದೇಶ ಕೊಡುತ್ತದೆ, ಮುಚ್ಚದ ಕ್ರೇಟ್ ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ಸರಕನ್ನೂ ಒಮ್ಮೆ ಅಳೆಯುವ ಕೆಲಸಕ್ಕೆ ವಾರಗಳೇ ಹಿಡಿಯಬಹುದು. ಅದನ್ನು ಯೋಜನೆಯ ಮೊದಲ ತಿಂಗಳಲ್ಲೇ ಇಟ್ಟುಕೊಳ್ಳಿ.

ಯಂತ್ರವಿಲ್ಲದ ಆಯ್ಕೆ

ಯಾವ ಹೋಲಿಕೆಯಲ್ಲೂ ಮೊದಲ ಅಭ್ಯರ್ಥಿ ಇದೇ ಆಗಿರಬೇಕು. ಮಾರಾಟಗಾರರ ಪಟ್ಟಿಯಲ್ಲಿ ಮಾತ್ರ ಇದು ಎಂದೂ ಇರುವುದಿಲ್ಲ. ದಿನಕ್ಕೆ 2,500 ಲೈನ್ ಇರುವ ಗೋದಾಮನ್ನು ತೆಗೆದುಕೊಳ್ಳಿ. ಒಂದೊಂದು ಆರ್ಡರ್‌ಗೂ ಒಂದೊಂದು ಸುತ್ತು ಹಾಕುವ ಪದ್ಧತಿಯಲ್ಲಿ ಒಬ್ಬರು ಗಂಟೆಗೆ 60 ಲೈನ್ ಆರಿಸಿದರೆ ಬೇಕಾಗುವುದು ಸುಮಾರು 42 ಗಂಟೆ. ತಳ್ಳುಗಾಡಿಯಲ್ಲಿ 12 ಪೆಟ್ಟಿಗೆ ಇಟ್ಟು, 12 ಆರ್ಡರ್‌ಗಳನ್ನು ಒಂದೇ ಸುತ್ತಿನಲ್ಲಿ ಆರಿಸಿದರೆ ಗಂಟೆಗೆ 100 ಲೈನ್ ದಾಟುವುದು ಕಷ್ಟವಲ್ಲ. ಆಗ ಬೇಕಾಗುವುದು 25 ಗಂಟೆ. ಉಳಿದ 17 ಗಂಟೆಗೆ ಖರ್ಚಾಗಿದ್ದು ಗಾಡಿ, ಪೆಟ್ಟಿಗೆ, ಮತ್ತು ಆರ್ಡರ್‌ಗಳನ್ನು ಗುಂಪು ಮಾಡುವ ತಂತ್ರಾಂಶದ ಒಂದು ನಿಯಮ.

ಇದೇ ಗೋದಾಮಿಗೆ ಗಂಟೆಗೆ 130 ಲೈನ್ ಕೊಡುವ ರೋಬೋಟ್ ತಂದರೆ 19 ಗಂಟೆ ಸಾಕು. ಹಳೆಯ 42 ಗಂಟೆಯ ಪಕ್ಕದಲ್ಲಿಟ್ಟರೆ ಉಳಿತಾಯ 23 ಗಂಟೆ, ಕಾಗದದ ಮೇಲೆ ಬಹಳ ಚೆಂದ. ಗಾಡಿಯ 25 ಗಂಟೆಯ ಪಕ್ಕದಲ್ಲಿಟ್ಟರೆ ಉಳಿಯುವುದು 6 ಗಂಟೆ, ಅಂದರೆ ಒಬ್ಬ ವ್ಯಕ್ತಿಯ ಒಂದು ಪಾಳಿಯೂ ಆಗಲಿಲ್ಲ. ಹೋಲಿಕೆಯನ್ನು ಕೆಟ್ಟ ಕೈಕೆಲಸದ ಜೊತೆ ಮಾಡಬೇಡಿ, ಒಳ್ಳೆಯ ಕೈಕೆಲಸದ ಜೊತೆ ಮಾಡಿ.

ಸರಕಿನ ಜಾಗ ಬದಲಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅರ್ಧ ಲೈನ್‌ಗಳಿಗೆ ಕಾರಣವಾದ ಸರಕುಗಳನ್ನು ಪ್ಯಾಕಿಂಗ್ ಮೇಜಿಗೆ ಹತ್ತಿರದ ಓಣಿಗೆ, ಸೊಂಟದಿಂದ ಭುಜದವರೆಗಿನ ಎತ್ತರಕ್ಕೆ ತನ್ನಿ. ಜೊತೆಜೊತೆಯಾಗಿ ಮಾರಾಟವಾಗುವವನ್ನು ಅಕ್ಕಪಕ್ಕ ಇಡಿ, ಆದರೆ ನೋಡಲು ಒಂದೇ ಥರ ಇರುವವನ್ನು ಬೇರೆ ಬೇರೆ ಇಡಿ. ಒಂದೇ ಅಂಗಿಯ ಮಧ್ಯಮ ಮತ್ತು ದೊಡ್ಡ ಅಳತೆ ಪಕ್ಕಪಕ್ಕ ಇದ್ದರೆ ತಪ್ಪು ಸರಕು ಹೋಗುವುದು ಖಚಿತ. ಈ ಜೋಡಣೆ ಮೂರು ತಿಂಗಳಿಗೊಮ್ಮೆಯಾದರೂ ಮರುಪರಿಶೀಲನೆ ಆಗಬೇಕು. ಮಾಡದಿದ್ದರೆ ಋತು ಕಳೆದ ಸರಕು ಚಿನ್ನದಂಥ ಜಾಗದಲ್ಲಿ ಧೂಳು ತಿನ್ನುತ್ತಾ ಕೂರುತ್ತದೆ.

ದೀಪ ಮತ್ತು ದನಿ

ರ‍್ಯಾಕಿನ ಪ್ರತಿ ಜಾಗಕ್ಕೂ ಒಂದು ದೀಪ, ಎಷ್ಟು ತೆಗೆಯಬೇಕೆಂಬ ಅಂಕಿ, ಮುಗಿದ ಮೇಲೆ ಒತ್ತಲು ಗುಂಡಿ. ಇದು ಪಿಕ್-ಟು-ಲೈಟ್. ಹುಡುಕಾಟ ಮತ್ತು ಪಟ್ಟಿ ಓದುವ ಹೊತ್ತನ್ನು ಇದು ತಿಂದುಹಾಕುತ್ತದೆ, ನಡಿಗೆಯನ್ನು ಮುಟ್ಟುವುದಿಲ್ಲ. ಖರ್ಚು ಸರಕಿನ ಬಗೆಗಳ ಸಂಖ್ಯೆಯ ಜೊತೆ ಏರುತ್ತದೆ. ವೇಗವಾಗಿ ಓಡುವ ಕೆಲವು ನೂರು ಬಗೆಗಳಿಗೆ ಒಪ್ಪುತ್ತದೆ. 20,000 ಬಗೆ ಇದ್ದು ಬಹುಪಾಲು ವಾರಕ್ಕೊಮ್ಮೆ ಅಲುಗಾಡುವಂಥವಾದರೆ ಉರಿಯದ ದೀಪಗಳಿಗೇ ದುಡ್ಡು ಸುರಿದಂತೆ.

ಅದೇ ದೀಪಗಳನ್ನು ತಿರುಗಿಸಿ ಹಾಕುವುದು ಜಾಣತನ. ಸರಕಿನ ಜಾಗಕ್ಕೆ ಹಾಕುವ ಬದಲು ಆರ್ಡರ್‌ನ ಗೂಡಿಗೆ ದೀಪ ಹಾಕಿ. ನೂರು ಆರ್ಡರ್‌ಗಳ ಸರಕನ್ನು ಒಟ್ಟಾಗಿ ಆರಿಸಿ ತಂದು, ಒಂದೊಂದನ್ನೇ ಸ್ಕ್ಯಾನ್ ಮಾಡಿದರೆ ಯಾವ ಗೂಡಿಗೆ ಹಾಕಬೇಕೆಂದು ದೀಪ ತೋರಿಸುತ್ತದೆ. ಗೂಡಿನ ಹಿಂಬದಿಯಿಂದ ಪ್ಯಾಕಿಂಗ್‌ನವರು ತುಂಬಿದ್ದನ್ನು ತೆಗೆದುಕೊಳ್ಳುತ್ತಾರೆ. ಇದಕ್ಕೆ ಪುಟ್ ವಾಲ್ ಎನ್ನುತ್ತಾರೆ. ಇಲ್ಲಿ ಖರ್ಚು ಏರುವುದು ಒಂದೇ ಹೊತ್ತಿಗೆ ತೆರೆದಿರುವ ಆರ್ಡರ್‌ಗಳ ಸಂಖ್ಯೆಗೆ ತಕ್ಕಂತೆ, ಸರಕಿನ ಬಗೆಗಳು ಎಷ್ಟಿದ್ದರೂ ಚಿಂತೆಯಿಲ್ಲ. ಎರಡರಿಂದ ನಾಲ್ಕು ಲೈನ್‌ಗಳ ಸಣ್ಣ ಆರ್ಡರ್‌ಗಳು ಹೆಚ್ಚಿರುವ ಕಡೆ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಸಾಧನ ಇದೇ ಎಂದರೆ ತಪ್ಪಾಗದು. ಕೆಡುವುದು ಒಂದೇ ಕಡೆ: ಒಂದು ಸರಕು ಸಿಗದೆ ಅರ್ಧ ತುಂಬಿದ ಗೂಡುಗಳು ಹಾಗೇ ನಿಂತುಬಿಡುತ್ತವೆ. ಇಷ್ಟು ನಿಮಿಷ ಕಾದ ಮೇಲೆ ಅರ್ಧ ತುಂಬಿದ್ದನ್ನು ಪಕ್ಕದ ರ‍್ಯಾಕಿಗೆ ಎತ್ತಿಡಬೇಕೆಂಬ ನಿಯಮ ಮೊದಲೇ ಬರೆದಿಡಿ.

ದನಿಯಲ್ಲಿ ಆದೇಶ ಕೇಳಿ ದನಿಯಲ್ಲೇ ಉತ್ತರಿಸುವ ಪದ್ಧತಿ ಇಡೀ ಪೆಟ್ಟಿಗೆಗಳನ್ನು ಎತ್ತುವ ಕೆಲಸಕ್ಕೆ, ಕೈಗವಸು ಹಾಕಿಕೊಂಡೇ ಇರಬೇಕಾದ ಶೀತಲ ಗೋದಾಮಿಗೆ ಸರಿ. ಜಾಗದ ಮೇಲೆ ಬರೆದ ಎರಡು-ಮೂರು ಅಂಕಿಗಳನ್ನು ಹೇಳಿ ಖಚಿತಪಡಿಸಬೇಕು. ಕೆಲವರು ಆ ಅಂಕಿಗಳನ್ನು ಬಾಯಿಪಾಠ ಮಾಡಿ ದೂರದಿಂದಲೇ ಹೇಳಿಬಿಡುತ್ತಾರೆ, ಅದಕ್ಕಾಗಿ ಆಗಾಗ ಬದಲಿಸುತ್ತಿರಬೇಕು. ಉದ್ದದ ಬ್ಯಾಚ್ ಸಂಖ್ಯೆ ನಮೂದಿಸಬೇಕಾದ ಸರಕಿಗೆ ಇದು ಬೇಡ, ಸ್ಕ್ಯಾನರ್ ವಾಸಿ.

ಜೊತೆಗೆ ಓಡಾಡುವ ರೋಬೋಟ್

ಇಲ್ಲಿ ರ‍್ಯಾಕ್ ಇದ್ದಲ್ಲೇ ಇರುತ್ತದೆ, ಜನರೂ ತಮ್ಮ ತಮ್ಮ ಓಣಿಗಳಲ್ಲೇ ಇರುತ್ತಾರೆ. ರೋಬೋಟ್ ಆರ್ಡರ್‌ನ ಪೆಟ್ಟಿಗೆ ಹೊತ್ತು ಸರಕಿನ ಮುಂದೆ ಬಂದು ನಿಂತು ಪರದೆಯ ಮೇಲೆ ಚಿತ್ರ ತೋರಿಸುತ್ತದೆ. ಹತ್ತಿರದವರು ಬಂದು ಸರಕು ಹಾಕಿ ಸ್ಕ್ಯಾನ್ ಮಾಡುತ್ತಾರೆ. ಪ್ಯಾಕಿಂಗ್ ಮೇಜಿಗೆ ಹೋಗಿಬರುವ ಉದ್ದನೆಯ ನಡಿಗೆ ತಪ್ಪುತ್ತದೆ, ಓಣಿಯೊಳಗಿನ ಸಣ್ಣ ನಡಿಗೆ ಉಳಿಯುತ್ತದೆ. ಹಾಗಾಗಿ ಕಟ್ಟಡ ದೊಡ್ಡದಾದಷ್ಟೂ ಲಾಭ. ರ‍್ಯಾಕಿನಿಂದ ಮೇಜಿಗೆ 30 ಮೀಟರ್ ಇರುವ ಚಿಕ್ಕ ಗೋದಾಮಿನಲ್ಲಿ ಉಳಿಸಲು ನಡಿಗೆಯೇ ಇರುವುದಿಲ್ಲ.

ಇದರ ದೊಡ್ಡ ಗುಣ ಕಟ್ಟಡ ಒಡೆಯಬೇಕಾಗಿಲ್ಲ ಎಂಬುದು. ಕೆಲವೇ ವಾರಗಳಲ್ಲಿ ಶುರುಮಾಡಬಹುದು, ತಿಂಗಳ ಬಾಡಿಗೆಗೆ ಪಡೆಯಬಹುದು, ಜಾಗ ಬದಲಾದರೆ ಜೊತೆಗೇ ಒಯ್ಯಬಹುದು. ಹಬ್ಬದ ಹಂಗಾಮಿಗೆ ಹತ್ತು ಹೆಚ್ಚು ತರಿಸಿ ಮುಗಿದ ಮೇಲೆ ವಾಪಸ್ ಕಳಿಸಬಹುದು. ಆದರೆ ಒಪ್ಪಂದದಲ್ಲಿ ‘ಕನಿಷ್ಠ ಸಂಖ್ಯೆ’ ಎಂಬ ಸಾಲನ್ನು ಓದಿ. ಕೆಲಸವಿಲ್ಲದ ತಿಂಗಳಲ್ಲೂ ಅಷ್ಟಕ್ಕೆ ಬಾಡಿಗೆ ಕಟ್ಟಬೇಕಾಗುತ್ತದೆ.

ಕೈಕೊಡುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ವೈಫೈ. ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ದಾಟುವಾಗ ಸಂಪರ್ಕ ಕ್ಷಣಕಾಲ ಕಡಿದರೂ ರೋಬೋಟ್ ನಿಂತುಬಿಡುತ್ತದೆ, ಹಿಂದಿನವು ಸಾಲುಗಟ್ಟುತ್ತವೆ. ಖಾಲಿ ಗೋದಾಮಿನಲ್ಲಿ ಅಳೆದ ಸಿಗ್ನಲ್ ನಂಬಬೇಡಿ. ರ‍್ಯಾಕ್ ತುಂಬಿದ ಮೇಲೆ, ಅದರಲ್ಲೂ ನೀರಿನ ಬಾಟಲಿ ಮತ್ತು ಲೋಹದ ಸಾಮಾನು ಇರುವ ಓಣಿಗಳಲ್ಲಿ, ಮತ್ತೆ ಅಳೆಯಿರಿ. ಎರಡನೆಯದು ಕಣ್ಣಿನ ಎತ್ತರ. ದಾರಿ ನೋಡುವ ಲೇಸರ್ ಪಾದಕ್ಕಿಂತ ತುಸು ಮೇಲೆ ಒಂದೇ ಮಟ್ಟದಲ್ಲಿ ಸುತ್ತುತ್ತದೆ. ಅದಕ್ಕಿಂತ ಮೇಲೆ ಚಾಚಿಕೊಂಡ ಮೇಜಿನ ಅಂಚು, ಅರ್ಧ ಎತ್ತಿ ಬಿಟ್ಟ ಫೋರ್ಕ್‌ಲಿಫ್ಟ್ ಮುಳ್ಳು ಅದಕ್ಕೆ ಕಾಣುವುದಿಲ್ಲ. ಹೆಚ್ಚುವರಿ ಕ್ಯಾಮೆರಾ ಇದೆಯೇ ಎಂದು ಕೇಳಿ. ಮೂರನೆಯದು ಸಂಖ್ಯೆ. ಒಬ್ಬರಿಗೆ ಎರಡು-ಮೂರು ರೋಬೋಟ್ ಇದ್ದರೆ ಜನ ಕಾಯುವುದಿಲ್ಲ. ಅದಕ್ಕಿಂತ ಕಡಿಮೆಯಾದರೆ ಜನ ಕಾಯುತ್ತಾರೆ, ಹೆಚ್ಚಾದರೆ ವೇಗದ ಸರಕಿನ ಓಣಿಯಲ್ಲಿ ಸಂತೆ ನೆರೆಯುತ್ತದೆ. ಎರಡು ರೋಬೋಟ್ ಒಂದನ್ನೊಂದು ದಾಟಲಾಗದ ಓಣಿಗಳನ್ನು ಏಕಮುಖ ಮಾಡಿ. ಬಹಳ ಬೇಡಿಕೆಯ ಸರಕನ್ನು ಒಂದೇ ಕಡೆ ಗುಡ್ಡೆ ಹಾಕದೆ ಎರಡು-ಮೂರು ಓಣಿಗೆ ಹಂಚಿ. ಕೈಕೆಲಸದಲ್ಲಿ ಒಳ್ಳೆಯದಾಗಿದ್ದ ಜೋಡಣೆ ರೋಬೋಟ್‌ಗೆ ತಿರುಗುಬಾಣವಾಗುವುದು ಇಲ್ಲೇ.

ಒಂದೇ ಲೈನ್‌ನ ಆರ್ಡರ್‌ಗಳನ್ನು ರೋಬೋಟ್‌ಗೆ ಕೊಡಬೇಡಿ. ಅವನ್ನು ದೊಡ್ಡ ಗಾಡಿಯಲ್ಲಿ ಒಟ್ಟಾಗಿ ಆರಿಸಿ ನೇರ ಪ್ಯಾಕಿಂಗ್‌ಗೆ ಕಳಿಸುವುದೇ ಅಗ್ಗ.

ಸರಕೇ ನಡೆದು ಬಂದರೆ

ಅಮೆರಿಕದಲ್ಲಿ ದಿನಸಿ ಮನೆಗೆ ತಲುಪಿಸುತ್ತಿದ್ದ ವೆಬ್‌ವ್ಯಾನ್ ಕಂಪನಿ 1999ರಲ್ಲಿ ಸೇವೆ ಶುರುಮಾಡಿ 2001ರ ಜುಲೈನಲ್ಲಿ ಮುಚ್ಚಿತು. ಪೆಟ್ಟಿಗೆಗಳನ್ನು ತಾನಾಗಿ ಸಾಗಿಸುವ ಕನ್ವೇಯರ್ ಮತ್ತು ತಿರುಗುವ ರ‍್ಯಾಕ್‌ಗಳಿಂದ ತುಂಬಿದ ಅದರ ದುಬಾರಿ ಗೋದಾಮುಗಳಿಗೆ ಬೇಕಾದಷ್ಟು ಆರ್ಡರ್ ಎಂದೂ ಬರಲಿಲ್ಲ. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್ 2003ರಲ್ಲಿ ಕಿವಾ ಸಿಸ್ಟಮ್ಸ್ ಕಟ್ಟಿದರು. ಅದರ ಚಪ್ಪಟೆ ರೋಬೋಟ್ ರ‍್ಯಾಕಿನ ಅಡಿಗೆ ನುಸುಳಿ ರ‍್ಯಾಕನ್ನೇ ಎತ್ತಿ ಜನರ ಮುಂದೆ ತಂದು ನಿಲ್ಲಿಸುತ್ತದೆ. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರ್‌ಗೆ ಕೊಂಡು ಹೊರಗಿನವರಿಗೆ ಮಾರುವುದನ್ನು ಕೈಬಿಟ್ಟಿತು. ಆ ಖಾಲಿ ಜಾಗಕ್ಕೆ ಬಂದವರೇ ಇಂದಿನ ಹತ್ತಾರು ತಯಾರಕರು. ವೆಬ್‌ವ್ಯಾನ್‌ಗೆ ಒದಗಿದ ಗತಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಬೋಲ್ಟ್ ಹಾಕಿ ನೆಲಕ್ಕೆ ಬಿಗಿದ ಯಂತ್ರ ಬಾರದ ಆರ್ಡರ್‌ಗಳಿಗೂ ಖರ್ಚು ಹಾಕುತ್ತದೆ. ರೋಬೋಟ್ ವ್ಯವಸ್ಥೆ ಹತ್ತರಿಂದ ಶುರುವಾಗಿ ಐವತ್ತಕ್ಕೆ ಬೆಳೆಯಬಹುದು.

ರ‍್ಯಾಕ್ ಹೊರುವ ರೋಬೋಟ್‌ಗಳಿಗೆ ಸಮತಟ್ಟಾದ ನೆಲ, ಬಿರುಕಿಲ್ಲದ ಸಂಧಿಗಳು, ಜನ ಪ್ರವೇಶಿಸದಂತೆ ಬೇಲಿ ಬೇಕು. ದಾರಿ ಗುರುತಿಸಲು ನೆಲಕ್ಕೆ ಅಂಟಿಸಿದ ಚೌಕ ಸಂಕೇತಗಳ ಮೇಲೆ ಧೂಳು, ಎಣ್ಣೆ ಬಿದ್ದರೆ ದಾರಿ ತಪ್ಪುತ್ತವೆ, ಶುಚಿ ಮಾಡುವುದು ದಿನದ ಕೆಲಸ. ಎತ್ತರದ ಕಟ್ಟಡದಲ್ಲಿ ಮೇಲಿನ ಜಾಗವೆಲ್ಲ ವ್ಯರ್ಥ, ಏಕೆಂದರೆ ರ‍್ಯಾಕ್ ಆಳೆತ್ತರಕ್ಕಿಂತ ಬಹಳ ಹೆಚ್ಚು ಏರುವುದಿಲ್ಲ.

ಜಾಗವೇ ದುಬಾರಿಯಾದ ಕಡೆ ಘನಾಕಾರದ ಗ್ರಿಡ್ ನೋಡಬಹುದು. ನಾರ್ವೆಯ ಆಟೋಸ್ಟೋರ್ ಇದಕ್ಕೆ ಹೆಸರುವಾಸಿ. ಓಣಿಗಳೇ ಇಲ್ಲದೆ ಕ್ರೇಟ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಓಡುವ ರೋಬೋಟ್‌ಗಳು ಬಾವಿಯಿಂದ ಸೇದಿದಂತೆ ಎತ್ತುತ್ತವೆ. ಒಂದು ಕ್ರೇಟ್‌ನಲ್ಲಿ ಗರಿಷ್ಠ 30 ಕಿಲೋ. ಅಡಿಯ ಕ್ರೇಟ್ ಬೇಕಾದರೆ ಮೇಲಿನವನ್ನೆಲ್ಲ ಪಕ್ಕಕ್ಕೆ ಸರಿಸಬೇಕು. ಓಡಾಟ ಕಡಿಮೆಯ ಸರಕು ತಾನಾಗಿಯೇ ಕೆಳಗಿಳಿಯುವುದರಿಂದ ದಿನನಿತ್ಯ ಇದು ತೊಡಕಲ್ಲ. ಆದರೆ ಋತು ಬದಲಾಗಿ ಅಡಿಯ ಸರಕಿಗೆ ಏಕಾಏಕಿ ಬೇಡಿಕೆ ಬಂದ ದಿನ ವೇಗ ಕುಸಿಯುತ್ತದೆ. ಹಿಂದಿನ ರಾತ್ರಿಯೇ ಮರುದಿನದ ಆರ್ಡರ್ ನೋಡಿ ಕ್ರೇಟ್‌ಗಳನ್ನು ಮೇಲಕ್ಕೆ ತಂದಿಡುವ ಸೌಲಭ್ಯ ಬಳಸಿ. ಬೆಂಕಿಯ ವಿಷಯದಲ್ಲಿ ವಿಮೆ ಕಂಪನಿಯನ್ನು ವಿನ್ಯಾಸದ ಹಂತದಲ್ಲೇ ಕೂರಿಸಿಕೊಳ್ಳಿ. ಬ್ರಿಟನ್ನಿನ ಒಕಾಡೊ ಕಂಪನಿಯ ಇಂಥದೇ ಗ್ರಿಡ್ ಗೋದಾಮು ಆಂಡೋವರ್‌ನಲ್ಲಿ 2019ರ ಫೆಬ್ರವರಿಯಲ್ಲಿ ಸುಟ್ಟು ನಾಶವಾಯಿತು. ಎರಿತ್‌ನಲ್ಲಿ 2021ರ ಜುಲೈನಲ್ಲಿ ಮೂರು ರೋಬೋಟ್‌ಗಳು ಡಿಕ್ಕಿಯಾಗಿ ಬೆಂಕಿ ಹತ್ತಿತು.

ಶಟಲ್ ವ್ಯವಸ್ಥೆಯಲ್ಲಿ ಪ್ರತಿ ಮಹಡಿಗೂ ಓಡುವ ಬಂಡಿ, ಓಣಿಯ ತುದಿಯಲ್ಲಿ ಲಿಫ್ಟ್. ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ, ಬೆಲೆಯಲ್ಲೂ ಹಾಗೆಯೇ. ಬಂಡಿಗಳು ಎಷ್ಟಿದ್ದರೂ ಓಣಿಯ ವೇಗ ಲಿಫ್ಟ್‌ನ ವೇಗವೇ. ಲಿಫ್ಟ್ ಕೆಟ್ಟರೆ ಆ ಓಣಿಯ ಸರಕೆಲ್ಲ ಬಂದಿ. ಆದ್ದರಿಂದ ಪ್ರತಿ ಮುಖ್ಯ ಸರಕೂ ಕನಿಷ್ಠ ಎರಡು ಓಣಿಯಲ್ಲಿರಲಿ.

ಸಣ್ಣ ಬಿಡಿಭಾಗಗಳ ಗೋದಾಮಿಗೆ ಇವೆಲ್ಲಕ್ಕಿಂತ ಸರಳವಾದದ್ದು ಎತ್ತರದ ಬೀರುವಿನಂಥ ವರ್ಟಿಕಲ್ ಲಿಫ್ಟ್ ಯಂತ್ರ. ಒಂದು ತಟ್ಟೆ ಇಳಿಸಿ ಹಳೆಯದನ್ನು ಏರಿಸಲು 45 ಸೆಕೆಂಡು ಹಿಡಿದರೆ ಗಂಟೆಗೆ 80 ತಟ್ಟೆ. ಒಬ್ಬರಿಗೆ ಒಂದೇ ಯಂತ್ರ ಕೊಟ್ಟರೆ ಅವರು ನಿಂತು ಕಾಯುತ್ತಾರೆ, ಮೂರು ಕೊಟ್ಟರೆ 15 ಸೆಕೆಂಡಿಗೊಂದು ತಟ್ಟೆ ಸಿಗುತ್ತದೆ. ಹಾಗಾಗಿ ಒಂಟಿ ಯಂತ್ರ ಕೊಳ್ಳುವವರಿಗೆ ಜಾಗ ಉಳಿಯುತ್ತದೆ, ಆಳು ಉಳಿಯುವುದಿಲ್ಲ.

ಈ ಎಲ್ಲ ಬಗೆಗಳಿಗೂ ಸೇರಿದ ಒಂದು ಗುಟ್ಟು ಖರ್ಚಿದೆ. ಬಂದ ಪೆಟ್ಟಿಗೆಗಳನ್ನು ಒಡೆದು ಸರಕನ್ನು ಕ್ರೇಟ್‌ಗೆ ಸುರಿಯಬೇಕು. ದಿನಕ್ಕೆ 15,000 ಲೈನ್, ಲೈನ್‌ಗೆ ಸರಾಸರಿ 1.5 ನಗ (ಬಿಡಿ ವಸ್ತು) ಎಂದರೆ 22,500 ನಗ. ಪೆಟ್ಟಿಗೆಗೆ 30 ನಗದಂತೆ 750 ಪೆಟ್ಟಿಗೆ. ಒಂದಕ್ಕೆ 2 ನಿಮಿಷ ಹಿಡಿದರೆ 25 ಗಂಟೆ. ಮೊದಲು ಪೆಟ್ಟಿಗೆಯನ್ನು ಹಾಗೇ ರ‍್ಯಾಕಿಗೆ ಏರಿಸಲು 1 ನಿಮಿಷ ಸಾಕಾಗುತ್ತಿತ್ತು, ಅಂದರೆ 12.5 ಗಂಟೆ. ವ್ಯತ್ಯಾಸ ದಿನಕ್ಕೆ 12.5 ಗಂಟೆಯ ಹೊಸ ಕೆಲಸ. ಹೊಳೆಯುವ ಪ್ರಸ್ತಾವನೆಗಳಲ್ಲಿ ಇದನ್ನು ಹುಡುಕಿ, ಸಿಗುವುದು ಅಪರೂಪ.

ಎಲ್ಲ ಸರಕನ್ನೂ ಒಳಗೆ ಹಾಕುವುದೂ ತಪ್ಪು. ಅತಿ ವೇಗದ ಸರಕಿಗಾಗಿ ಒಂದೇ ಕ್ರೇಟ್ ದಿನಕ್ಕೆ ನೂರು ಸಲ ಬಂದುಹೋಗುವುದಾದರೆ ಅದನ್ನು ಹೊರಗಿಟ್ಟು ನೇರವಾಗಿ, ಸರಕು ಪೇರಿಸಿಟ್ಟ ಪ್ಯಾಲೆಟ್‌ನಿಂದ ತೆಗೆಯುವುದು ಒಳಿತು. ಉದ್ದನೆಯದು, ಒಡೆಯುವಂಥದ್ದು, ಸೋರುವಂಥದ್ದು ಕೂಡ ಹೊರಗೇ ಇರಲಿ.

ಕನ್ವೇಯರ್, ಸಾರ್ಟರ್

ಒಂದೇ ದಾರಿಯಲ್ಲಿ ದಿನವಿಡೀ ಪೆಟ್ಟಿಗೆ ಹರಿಯುತ್ತಿದ್ದರೆ ಕನ್ವೇಯರ್ ಅನ್ನು ಮೀರಿಸುವ ಅಗ್ಗದ ಸಾಧನ ಇಲ್ಲ. ಹರಿವು ಏರಿಳಿಯುತ್ತಿದ್ದರೆ, ಗೋದಾಮಿನ ರೂಪ ಎರಡು ವರ್ಷದಲ್ಲಿ ಬದಲಾಗುವುದಿದ್ದರೆ ಬೇಡ. ಪೆಟ್ಟಿಗೆಯ ಅಡಿಗೆ ಯಾವಾಗಲೂ ಕನಿಷ್ಠ ಮೂರು ರೋಲರ್ ಇರಬೇಕು. ರೋಲರ್‌ಗಳ ನಡುವಿನ ಅಂತರ 75 ಮಿ.ಮೀ. ಆದರೆ 225 ಮಿ.ಮೀ.ಗಿಂತ ಚಿಕ್ಕ ಪೆಟ್ಟಿಗೆ ಕುಣಿದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಚೀಲಕ್ಕೆ ರೋಲರ್ ಬೇಡವೇ ಬೇಡ, ಬೆಲ್ಟ್ ಹಾಕಿ ಅಥವಾ ಕ್ರೇಟ್‌ನಲ್ಲಿಟ್ಟು ಕಳಿಸಿ.

ಪೆಟ್ಟಿಗೆಗಳನ್ನು ವಿಂಗಡಿಸಿ ಬೇರೆ ಬೇರೆ ದಾರಿಗೆ ಕಳಿಸುವ ಸಾರ್ಟರ್‌ನಲ್ಲಿ ನೋಡಬೇಕಾದ್ದು ಬಾರ್‌ಕೋಡ್ ಓದಲಾಗದೆ ವಾಪಸ್ ಸುತ್ತುವವು. 10,000 ಪೆಟ್ಟಿಗೆಗೆ ಶೇ. 1 ಎಂದರೂ 100, ಅವನ್ನು ನೋಡಿಕೊಳ್ಳಲು ಒಬ್ಬರು ಬೇಕು. ಸಾಲಾಗಿ ನಿಂತ ಯಂತ್ರಗಳ ಲೆಕ್ಕವೂ ಕಹಿ. ಪ್ರತಿಯೊಂದೂ ಶೇ. 98ರಷ್ಟು ಹೊತ್ತು ಚಾಲೂ ಇದ್ದರೂ ಐದು ಸಾಲಿಗಿದ್ದರೆ ಇಡೀ ಸಾಲು ಓಡುವುದು ಶೇ. 90ರಷ್ಟೇ. 16 ಗಂಟೆಯ ದಿನದಲ್ಲಿ ಒಂದೂವರೆ ಗಂಟೆ ಹೋಯಿತು. ನಡುನಡುವೆ ಪೆಟ್ಟಿಗೆಗಳು ಕೆಲವು ನಿಮಿಷ ಕಾಯಲು ಜಾಗ ಬಿಟ್ಟರೆ ಒಂದರ ತೊಂದರೆ ಇನ್ನೊಂದಕ್ಕೆ ತಟ್ಟುವುದಿಲ್ಲ.

ಪ್ಯಾಕಿಂಗ್ ಮೇಜು

ಒಂದೇ ನಗದ ಆರ್ಡರ್‌ಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಮೊದಲ ಯಂತ್ರ ಇಲ್ಲಿಗೇ ಬರಲಿ. ಚೀಲ ತೆರೆದು, ವಿಳಾಸ ಮುದ್ರಿಸಿ, ಸೀಲ್ ಮಾಡುವ ಬ್ಯಾಗಿಂಗ್ ಯಂತ್ರ ಚಿಕ್ಕದು, ನಿಲ್ಲಿಸಲು ಮೇಜಿನಷ್ಟು ಜಾಗ ಸಾಕು, ಫಲ ಮೊದಲ ವಾರದಲ್ಲೇ ಕಾಣುತ್ತದೆ. ಸರಕಿಗೆ ತಕ್ಕ ಅಳತೆಯ ಪೆಟ್ಟಿಗೆ ಕತ್ತರಿಸುವ ಯಂತ್ರ ದೊಡ್ಡ ಹೂಡಿಕೆ. ಅದರ ಲಾಭ ಆಳಿಗಿಂತ ಹೆಚ್ಚಾಗಿ ರಟ್ಟು ಮತ್ತು ಸಾಗಣೆ ಖರ್ಚಿನಲ್ಲಿ ಸಿಗುತ್ತದೆ.

ತಾನಾಗಿ ಲೇಬಲ್ ಅಂಟಿಸುವ ಯಂತ್ರದಲ್ಲಿ ಒಂದು ಭಯಂಕರ ತಪ್ಪು ಆಗಬಹುದು. ಸಾಲಿನಿಂದ ಯಾರೋ ಒಂದು ಪಾರ್ಸೆಲ್ ಎತ್ತಿಕೊಂಡರೆ ಅದರ ಲೇಬಲ್ ಮುಂದಿನದಕ್ಕೆ ಅಂಟುತ್ತದೆ, ಅದರದ್ದು ಅದರ ಹಿಂದಿನದಕ್ಕೆ. ಯಾರಿಗೂ ಗೊತ್ತಾಗದೆ ನೂರಾರು ಪಾರ್ಸೆಲ್ ಅದಲುಬದಲಾಗಿ ಹೊರಟುಹೋಗುತ್ತವೆ. ಅಂಟಿಸಿದ ಮೇಲೆ ಒಳಗಿನ ಸಂಕೇತವನ್ನೂ ಹೊರಗಿನ ಲೇಬಲನ್ನೂ ತಾಳೆ ನೋಡುವ ಸ್ಕ್ಯಾನರ್, ಜೊತೆಗೆ ತೂಕ ಪರೀಕ್ಷೆ, ಇವೆರಡಿಲ್ಲದೆ ಆ ಯಂತ್ರ ಕೊಳ್ಳಬೇಡಿ.

ಕೈಯಂತೆ ಸರಕು ಹಿಡಿಯುವ ರೋಬೋಟ್ ತೋಳುಗಳು ಒಂದೇ ಥರದ ಗಟ್ಟಿ ಪೆಟ್ಟಿಗೆಗಳಿಗೆ ಚೆನ್ನ. ಬಲೆಚೀಲವನ್ನು ಗಾಳಿ ಹೀರುವ ಬಟ್ಟಲು ಹಿಡಿಯದು, ಪಾರದರ್ಶಕ ಬಾಟಲಿ ಕ್ಯಾಮೆರಾಗೆ ಸರಿಯಾಗಿ ಕಾಣದು. ಬಗೆಬಗೆಯ ಸರಕಿನ ಗೋದಾಮಿನಲ್ಲಿ ಇದು ಕೊನೆಯ ಹೆಜ್ಜೆಯಾಗಿರಲಿ.

ಬೆಲೆಯನ್ನು ಆಳುವರ್ಷದಲ್ಲಿ ಬರೆಯಿರಿ

ಸಂಬಳ, ರಜೆ, ಬದಲಿ, ತರಬೇತಿ ಎಲ್ಲ ಸೇರಿ ಒಬ್ಬ ಕೆಲಸಗಾರರ ಒಂದು ವರ್ಷದ ಪೂರ್ಣ ಖರ್ಚನ್ನು ಒಂದು ಆಳುವರ್ಷ ಎನ್ನೋಣ. ಯಂತ್ರದ ಬೆಲೆ, ನಿರ್ವಹಣೆ, ಉಳಿತಾಯ ಎಲ್ಲವನ್ನೂ ಇದೇ ಅಳತೆಗೆ ತಂದರೆ ಮಾತು ನೇರವಾಗುತ್ತದೆ.

ಅದೇ 15,000 ಲೈನ್‌ಗಳ ಗೋದಾಮು, ಎರಡು ಪಾಳಿ, ಒಬ್ಬರಿಂದ ನಿಜವಾಗಿ ಸಿಗುವ ಹೊತ್ತು 7 ಗಂಟೆ. ಗಾಡಿಯಲ್ಲಿ ಗುಂಪಾಗಿ ಆರಿಸಿದರೆ 150 ಗಂಟೆ. ಜೊತೆ ರೋಬೋಟ್ ಆದರೆ 115, ಉಳಿತಾಯ 35 ಗಂಟೆ, ಅಂದರೆ 5 ಮಂದಿ. ಸರಕು ಬಳಿಗೆ ಬರುವ ವ್ಯವಸ್ಥೆಯಲ್ಲಿ ಗಂಟೆಗೆ 250 ಲೈನ್ ಹಿಡಿದರೆ 60 ಗಂಟೆ. ಪೆಟ್ಟಿಗೆ ಒಡೆಯುವ 12.5 ಗಂಟೆ ಕಳೆದರೆ ಉಳಿತಾಯ 77.5, ಅಂದರೆ 11 ಮಂದಿ.

ಜೊತೆ ರೋಬೋಟ್‌ಗೆ ಪಾಳಿಯಲ್ಲಿ 8 ಮಂದಿ, ಅವರಿಗೆ 20 ರೋಬೋಟ್. ಒಂದರ ವರ್ಷದ ಬಾಡಿಗೆ 0.15 ಆಳುವರ್ಷ ಎಂದಿಟ್ಟುಕೊಂಡರೆ 3 ಹೋಗಿ 2 ಉಳಿಯುತ್ತದೆ. ದೊಡ್ಡದಲ್ಲ, ಆದರೆ ಹೂಡಿಕೆಯೂ ಇಲ್ಲ. ಎರಡನೆಯ ವ್ಯವಸ್ಥೆಯ ಬೆಲೆ 44 ಆಳುವರ್ಷ ಎನ್ನಿ. ಕರಪತ್ರದಲ್ಲಿ 44ನ್ನು 11ರಿಂದ ಭಾಗಿಸಿ ‘ನಾಲ್ಕೇ ವರ್ಷ’ ಎಂದಿರುತ್ತದೆ. ಬೆಲೆಯ ಶೇ. 4 ನಿರ್ವಹಣೆಗೆ 1.76, ತಂತ್ರಾಂಶದ ಶುಲ್ಕಕ್ಕೆ 1, ಇಬ್ಬರು ತಂತ್ರಜ್ಞರಿಗೆ 2 ಕಳೆಯಿರಿ. ವರ್ಷಕ್ಕೆ ಉಳಿಯುವುದು ಸುಮಾರು 6.2, ಹಣ ಮರಳಲು 7 ವರ್ಷ. ಕೂಲಿ ಇದರ ಅರ್ಧವಿರುವ ಕಡೆ ಅದೇ ಯಂತ್ರದ ಬೆಲೆ 88 ಆಳುವರ್ಷವಾಗುತ್ತದೆ, ನಿರ್ವಹಣೆ ಮತ್ತು ಶುಲ್ಕವೂ ದುಪ್ಪಟ್ಟು. ಉಳಿಯುವುದು ವರ್ಷಕ್ಕೆ 3.5, ಮರಳಲು 25 ವರ್ಷ. ಮೂಗಿಗಿಂತ ಮೂಗುತಿ ಭಾರ. ಅಂಥ ಕಡೆ ಜಾಗದ ಬಾಡಿಗೆ, ತಪ್ಪು ಸರಕಿನ ನಷ್ಟ, ಜನ ಸಿಗದಿರುವುದು ಮುಂತಾದ ಬೇರೆ ಕಾರಣ ಇದ್ದರಷ್ಟೇ ಮುಂದುವರಿಯಬಹುದು.

ಗಂಟೆಗಳು ಉಳಿದ ಮಾತ್ರಕ್ಕೆ ಹಣ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. ಹತ್ತು ಮಂದಿಗೆ ತಲಾ 40 ನಿಮಿಷ ಬಿಡುವಾದರೆ ಸಂಬಳದ ಪಟ್ಟಿಯಲ್ಲಿ ಒಂದು ಹೆಸರೂ ಕಡಿಮೆಯಾಗದು. ಪಾಳಿಯ ಪಟ್ಟಿ ಮತ್ತೆ ಬರೆಯಬೇಕು, ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ತುಂಬದೆ ಇರಬೇಕು, ಇಲ್ಲವೇ ಅದೇ ಜನರಿಂದ ಹೆಚ್ಚು ಆರ್ಡರ್ ಕಳಿಸಬೇಕು. ಯಾವ ತಿಂಗಳಿಂದ ಯಾವ ಪಾಳಿಯಲ್ಲಿ ಎಷ್ಟು ಮಂದಿ ಎಂದು ಬರೆಯಲಾಗದ ಉಳಿತಾಯವನ್ನು ಲೆಕ್ಕದಿಂದ ಹೊಡೆದುಹಾಕಿ.

ಸಹಿಗೆ ಮುನ್ನ

ಪರೀಕ್ಷೆ ನಿಮ್ಮ ಸರಕಿನಲ್ಲಿ, ನಿಮ್ಮ ಆರ್ಡರ್‌ಗಳಲ್ಲಿ ನಡೆಯಬೇಕು. ಕಳೆದ ವರ್ಷದ ಅತಿ ಬಿಡುವಿಲ್ಲದ ದಿನದ ಕಡತವನ್ನೇ ಕೊಟ್ಟು, ಸತತ 8 ಗಂಟೆ ಒಪ್ಪಿದ ವೇಗದಲ್ಲಿ ಓಡಿಸಿ ತೋರಿಸಲು ಹೇಳಿ. ಗೋದಾಮಿನ ತಂತ್ರಾಂಶ ಮತ್ತು ಯಂತ್ರದ ನಡುವಿನ ಸಂದೇಶಗಳನ್ನು ಕೆಟ್ಟ ಸನ್ನಿವೇಶಗಳಲ್ಲಿ ಪರೀಕ್ಷಿಸಿ. ಆರಿಸಲು ಬಿಟ್ಟ ಮೇಲೆ ಗಿರಾಕಿ ಆರ್ಡರ್ ರದ್ದು ಮಾಡಿದರೆ ಏನಾಗುತ್ತದೆ? ಲೆಕ್ಕದಲ್ಲಿ 5 ಇದ್ದು ಕ್ರೇಟ್‌ನಲ್ಲಿ 3 ಸಿಕ್ಕರೆ? ಹತ್ತು ನಿಮಿಷ ಸಂಪರ್ಕ ಕಡಿದು ಮರಳಿದಾಗ ಅದೇ ಆರ್ಡರ್ ಎರಡು ಸಲ ಹೊರಡುತ್ತದೆಯೇ? ಯೋಜನೆಗಳು ತಡವಾಗುವುದಕ್ಕೆ ಯಂತ್ರಕ್ಕಿಂತ ಈ ಸಂದೇಶಗಳೇ ಹೆಚ್ಚಾಗಿ ಕಾರಣ.

ಚಾಲಕರಿಲ್ಲದ ವಾಹನಗಳಿಗೆ ಐಎಸ್ಒ 3691-4 ಸುರಕ್ಷತಾ ಮಾನದಂಡ ಇದೆ, ಅದಕ್ಕೆ ಒಪ್ಪುವ ದಾಖಲೆ ಕೇಳಿ. ಯಾವ ಬಿಡಿಭಾಗ ನಿಮ್ಮ ಕಪಾಟಿನಲ್ಲೇ ಇರಬೇಕು, ಉಳಿದವು ಎಷ್ಟು ಗಂಟೆಯಲ್ಲಿ ಬರುತ್ತವೆ, ‘ಚಾಲೂ ಇದ್ದ ಹೊತ್ತು’ ಎಂಬುದನ್ನು ಯಾರು ಹೇಗೆ ಎಣಿಸುತ್ತಾರೆ, ಎಲ್ಲವೂ ಒಪ್ಪಂದದ ಕಾಗದದಲ್ಲಿರಲಿ. ಚಿಕ್ಕ ಚಿಕ್ಕ ನಿಲುಗಡೆಗಳನ್ನು ಎಣಿಕೆಯಿಂದ ಬಿಡುವ ಅಭ್ಯಾಸ ಕೆಲವರಿಗಿದೆ, ದಿನಕ್ಕೆ ಅಂಥವು ನಲವತ್ತು ಆದರೆ ಒಂದು ಗಂಟೆ ಹೋಗುತ್ತದೆ.

ಹೊಸ ವ್ಯವಸ್ಥೆಗೆ ದೊಡ್ಡ ಹಂಗಾಮಿಗೆ ಮುಂಚಿನ ಎರಡು ತಿಂಗಳಲ್ಲಿ ಚಾಲನೆ ಕೊಡಬೇಡಿ. ಮೊದಲ ವಾರ ಶೇ. 10 ಆರ್ಡರ್ ಅದಕ್ಕೆ ಕೊಡಿ, ತಪ್ಪುಗಳ ಪಟ್ಟಿ ಖಾಲಿಯಾದ ಮೇಲೆ ಏರಿಸಿ, ಹಳೆಯ ಗಾಡಿಗಳನ್ನು ಮಾರಬೇಡಿ. ಕರೆಂಟ್ ಅಥವಾ ಸರ್ವರ್ ಹೋದ ದಿನ ಕ್ರೇಟ್‌ಗಳೊಳಗಿನ ಸರಕು ಕೈಗೆ ಸಿಗದು. ಹೆಚ್ಚು ಓಡುವ ಸರಕಿನ ಒಂದೆರಡು ದಿನದ ದಾಸ್ತಾನು ಹೊರಗಿನ ಸಾದಾ ರ‍್ಯಾಕಿನಲ್ಲಿದ್ದರೆ, ಜಾಗದ ಸಂಖ್ಯೆ ಇರುವ ಪಟ್ಟಿಯೊಂದು ಪ್ರತಿದಿನ ಬೆಳಿಗ್ಗೆ ಮುದ್ರಣವಾಗುತ್ತಿದ್ದರೆ, ಆ ದಿನವೂ ಟ್ರಕ್ ಖಾಲಿ ಹೋಗುವುದಿಲ್ಲ.